ಒಂದು ಚಮಚ ಸಕ್ಕರೆಯ ಲೆಕ್ಕ

ನಾಸಿಕದಿಂದ ಮುಂಬಯಿ–ಆಗ್ರಾ ಹೆದ್ದಾರಿ ಹಿಡಿದು ಮಾಲೆಗಾಂವದ ಕಡೆ ಹೊರಟರೆ ಸುಮಾರು 65 ಕಿಲೋಮೀಟರಿಗೆ ಚಾಂದವಡ್ ಸಿಗುತ್ತದೆ. ಸಾತಮಾಳಾ ಬೆಟ್ಟಸಾಲಿಗೆ ಒರಗಿಕೊಂಡ ಊರು. ಹೋಳ್ಕರರ ಕಾಲದ ರಂಗಮಹಲ್ ಇಲ್ಲಿದೆ, ಅವರ ಟಂಕಸಾಲೆಯೂ ಇಲ್ಲೇ ಇತ್ತು, ಗುಡ್ಡದ ಮಗ್ಗುಲಲ್ಲಿ ರೇಣುಕಾದೇವಿಯ ಗುಡಿ. ಸವದತ್ತಿಗೆ ನಡೆದುಕೊಳ್ಳುವ ಮನೆತನದ ನನ್ನ ಗೆಳೆಯ ಈ ರೇಣುಕೆಯನ್ನೂ ಎಲ್ಲಮ್ಮ ಅಂತಲೇ ಕರೆಯುತ್ತಾನೆ. ಚಿಕ್ಕೋಡಿ ಕಡೆಯವನು. ಉಳ್ಳಾಗಡ್ಡಿ ವ್ಯಾಪಾರದ ಬೆನ್ನು ಹತ್ತಿ ಅಲ್ಲಿಗೆ ಹೋದವನು ಅಲ್ಲೇ ನೆಲೆನಿಂತ. ಸವಾಲು ನಡೆಯುವ ಹೊತ್ತು ಬಿಟ್ಟರೆ ದಿನವಿಡೀ ಅಂಗಡಿಯ ಗಾದಿಯ ಮೇಲೆ ಕೂತಿರುತ್ತಾನೆ. ಒಂದು ಕೈಯಲ್ಲಿ ಫೋನು, ಪಕ್ಕದಲ್ಲಿ ಚಹಾ, ಅದರ ಪಕ್ಕದಲ್ಲಿ ಶೇವಿನ ಡಬ್ಬಿ. ಎತ್ತರ 168 ಸೆಂಟಿಮೀಟರ್, ತೂಕ 86 ಕಿಲೋ, ಸೊಂಟದ ಸುತ್ತಳತೆ 104 ಸೆಂಟಿಮೀಟರ್.

ರಕ್ತ ಪರೀಕ್ಷೆ ನೋಡಿದ ವೈದ್ಯರು ‘ಸಕ್ಕರೆ ಕಾಯಿಲೆಯ ಹೊಸ್ತಿಲ ಮೇಲಿದ್ದೀರಿ’ ಎಂದ ದಿನ ರಾತ್ರಿ ನನಗೆ ಫೋನು ಮಾಡಿದ. “ದೀಪಾವಳಿಯೊಳಗ ಹದಿನೈದು ಕಿಲೋ ಇಳಸ್ತೀನಿ ನೋಡಪಾ. ನಾಳೆಯಿಂದ ರೊಟ್ಟಿ, ಅನ್ನ, ಚಹಾ ಎಲ್ಲಾ ಬಂದ್.”

ಇದು ಅವನ ಮೊದಲ ಪಣವೇನಲ್ಲ. ಲಾತೂರಿನ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ಜಗನ್ನಾಥ ದೀಕ್ಷಿತರು ಪ್ರಚಾರ ಮಾಡಿದ, ದಿನಕ್ಕೆ ಎರಡೇ ಊಟದ ಕ್ರಮ ಮಹಾರಾಷ್ಟ್ರದ ಮನೆಮನೆಗಳಲ್ಲಿ ಮಾತಾಗಿದೆ. ಇವನೂ ಅದನ್ನು ಹಿಡಿದಿದ್ದ. ಅದು ಒಗ್ಗಿದವರು ಬಹಳ ಜನ ಇದ್ದಾರೆ. ಆದರೆ ಲಾರಿ ಬಂದಾಗ ಉಣ್ಣುವ, ರೈತರು ಬಂದಾಗ ಚಹಾ ಕುಡಿಯುವ ಇವನ ದಿನಚರಿಗೆ ಅದು ಹೊಂದಲಿಲ್ಲ. ಕೈಬಿಟ್ಟ ಪ್ರತಿಸಲವೂ ಅವನು ತನ್ನನ್ನೇ ಬೈದುಕೊಳ್ಳುತ್ತಿದ್ದ. ಅವನ ತೂಕಕ್ಕಿಂತ ಆ ಬೈಗುಳವೇ ನನ್ನನ್ನು ಹೆಚ್ಚು ಕಾಡಿತು. ಗೆಳೆಯನೊಬ್ಬ ಹೀಗೆ ಹೇಳಿದಾಗ ನಾವು ಏನು ಹೇಳಬೇಕು? ‘ಸಣ್ಣ ಸಣ್ಣ ಗುರಿ ಇಟ್ಟುಕೋ’ ಎನ್ನುವುದು ಎಲ್ಲರ ಬಾಯಲ್ಲಿರುವ ಬುದ್ಧಿಮಾತು. ಅದರಲ್ಲಿ ವಿಜ್ಞಾನ ಎಷ್ಟಿದೆ, ಎಲ್ಲಿ ಅದು ದಾರಿ ತಪ್ಪಿಸುತ್ತದೆ ಎಂಬುದನ್ನು ಈ ಅಧ್ಯಾಯದಲ್ಲಿ ನೋಡೋಣ.

ಮೊದಲು ಅವನ ದೇಹದ ಮಾತು. ಕೈಕಾಲು ನೋಡಿದರೆ ಅವನನ್ನು ದಪ್ಪ ಎನ್ನಲಾಗದು, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಇದು ಅವನೊಬ್ಬನ ಮೈಕಟ್ಟಲ್ಲ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಚಿತ್ರವೊಂದನ್ನು ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಕೂಡ ಒಂದೇ, 22.3. ಅಂದರೆ ಎತ್ತರಕ್ಕೆ ಹೋಲಿಸಿದಾಗ ಇಬ್ಬರದೂ ಸಮ ತೂಕ. ಆದರೆ ದೇಹದಲ್ಲಿರುವ ಕೊಬ್ಬನ್ನು ಅಳೆದಾಗ ಯುಡ್ಕಿನ್ನರದು ಶೇ 9.1, ಯಾಜ್ಞಿಕರದು ಶೇ 21.2. ಇದರ ಬೇರು ತಾಯಿಯ ಗರ್ಭದವರೆಗೆ ಹೋಗುತ್ತದೆ. ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಹುಟ್ಟಿದವುಗಳದು 3.5 ಕಿಲೋ. ಸ್ನಾಯು, ಹೊಟ್ಟೆಯೊಳಗಿನ ಅಂಗಾಂಗ ಎಲ್ಲವೂ ನಮ್ಮ ಕೂಸುಗಳಲ್ಲಿ ಚಿಕ್ಕವು. ಭುಜದ ಹಿಂದೆ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ.

ಈ ವಿಚಾರಕ್ಕೆ ನಮ್ಮ ಮೈಸೂರು ಕೊಟ್ಟ ಪುರಾವೆಯೂ ದೊಡ್ಡದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ದಫ್ತರಿನಲ್ಲಿ ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಹೊರಬಂತು: ಹುಟ್ಟುವಾಗ ಸಣ್ಣಗಿದ್ದವರಲ್ಲಿ ಮುಂದೆ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚು. ಹಳೆಯ ದಫ್ತರಿನ ಪುಟಗಳು ಇಷ್ಟು ದೂರದ ಸತ್ಯ ಹೇಳುತ್ತವೆಂದು ಅದನ್ನು ಬರೆದ ದಾದಿಯರು ಊಹಿಸಿರಲಾರರು. ಅವರ ಶಿಸ್ತಿಗೆ ನಾವು ಋಣಿಗಳು.

ಅದೇ ತೂಕದಲ್ಲೂ ಕೊಬ್ಬು ಹೆಚ್ಚಿರುವ ಕಾರಣಕ್ಕೇ ಭಾರತೀಯರಿಗೆ ಬೇರೆ ಅಳತೆಗೋಲು ಬಳಸುತ್ತಾರೆ. ಬಿ.ಎಂ.ಐ. 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ದೇಶದ ಉದ್ದಗಲಕ್ಕೂ ನಡೆಸಿದ ಸಮೀಕ್ಷೆಯ ವರದಿ 2023ರಲ್ಲಿ ಬಂದಾಗ, ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿರುವವರು 13.6 ಕೋಟಿ ಎಂದು ಅಂದಾಜಾಗಿತ್ತು. ನನ್ನ ಗೆಳೆಯ ಆ 13.6 ಕೋಟಿಯಲ್ಲಿ ಒಬ್ಬ. ಅವನ ಬಿ.ಎಂ.ಐ. 30ರ ಮೇಲಿದೆ. ಅವನಿಗೆ ಭಯವಾದದ್ದು ಸಹಜ, ಭಯಕ್ಕೆ ಕಾರಣವೂ ಇದೆ.

ಭಯದಲ್ಲಿ ಮಾಡಿದ ಪಣಕ್ಕೆ ಮೊದಲ ವಾರ ಭಾರೀ ಪ್ರತಿಫಲ ಸಿಗುತ್ತದೆ. ರೊಟ್ಟಿ, ಅನ್ನ ಬಿಟ್ಟ ನಾಲ್ಕೈದು ದಿನಕ್ಕೆ ತಕ್ಕಡಿ ಎರಡು ಕಿಲೋ ಕೆಳಗಿಳಿದಿರುತ್ತದೆ. ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಎಂಬ ಪಿಷ್ಟದ ದಾಸ್ತಾನು ಅರ್ಧ ಕಿಲೋದಷ್ಟು ಇರುತ್ತದೆ. ಅದರ ಒಂದೊಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆಯಾದಾಗ ಮೊದಲು ಕರಗುವುದು ಈ ದಾಸ್ತಾನು, ಹೊರಬೀಳುವುದು ಅದರ ನೀರು. ಕೂಡಿಡುವ ಚಾಳಿನಲ್ಲಿಟ್ಟ ಉಳ್ಳಾಗಡ್ಡಿ ತಿಂಗಳು ಕಳೆದಂತೆ ಹಗುರಾಗುವುದು ನೀರು ಆರುವುದರಿಂದ ಎಂಬುದು ವ್ಯಾಪಾರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಈ ಮಾತನ್ನು ಅವನಿಗೆ ತಿಳಿಸಲು ನನಗೆ ಕಷ್ಟವಾಗಲಿಲ್ಲ. ಒಂದು ಮದುವೆಯೂಟ ಉಂಡ ಮರುದಿನ ಅದೇ ನೀರು ತಿರುಗಿ ಬರುತ್ತದೆ. ತಕ್ಕಡಿ ಮೇಲೇರುತ್ತದೆ, ‘ನನ್ನಿಂದ ಆಗದು’ ಎಂಬ ಮಾತು ಹುಟ್ಟುತ್ತದೆ. ಕೊಬ್ಬಿಗೂ ಈ ಏರಿಳಿತಕ್ಕೂ ಹೆಚ್ಚಿನ ಸಂಬಂಧವಿಲ್ಲ.

ಹಾಗಾದರೆ ಕರಗಿದ ಕೊಬ್ಬು ಹೋಗುವುದೆಲ್ಲಿಗೆ? ಬೆವರಾಗಿ ಹರಿಯುತ್ತದೆ, ಶಾಖವಾಗಿ ಮಾಯವಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಇದರ ಲೆಕ್ಕ ಹಾಕಿ ತೋರಿಸಿದರು. 10 ಕಿಲೋ ಕೊಬ್ಬು ಉರಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಮೂಗು ಬಾಯಿಗಳಿಂದ ಹೊರಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಅಂದರೆ ಕೊಬ್ಬಿನ ಬಹುಪಾಲು ದೇಹ ಬಿಡುವುದು ಉಸಿರಿನ ಮೂಲಕ. ಹಾಗೆಂದು ಸುಮ್ಮನೆ ಕೂತು ಜೋರಾಗಿ ಉಸಿರಾಡಿದರೆ ಪ್ರಯೋಜನವಿಲ್ಲ, ಜೀವಕೋಶಗಳೊಳಗೆ ಅದು ಉರಿಯಬೇಕು. ಉರಿಯುವುದು ನಿಧಾನ. ರಾತ್ರಿ ನಿದ್ದೆಯಲ್ಲೂ, ಹಗಲು ನಡಿಗೆಯಲ್ಲೂ, ಉಸಿರು ಉಸಿರಿಗೆ ಕೆಲವೇ ಮಿಲಿಗ್ರಾಂ.

ಈಗ ಚಹಾಕ್ಕೆ ಬರೋಣ. ಗಾದಿಯ ಮೇಲೆ ಕೂತವನಿಗೆ ದಿನಕ್ಕೆ ಆರು ಕಪ್ಪು ಚಹಾ ಹೆಚ್ಚೇನಲ್ಲ. ಕಪ್ಪಿಗೆ ಎರಡು ಚಮಚ ಸಕ್ಕರೆ. ‘ಚಹಾ ಬಂದ್’ ಎಂಬ ಪಣದ ಬದಲು ಕಪ್ಪಿಗೆ ಒಂದು ಚಮಚ ಕಡಿಮೆ ಮಾಡುವುದು ಎಂದು ಇಬ್ಬರೂ ಒಪ್ಪಿದೆವು. ಒಂದು ಚಮಚ ಸಕ್ಕರೆ 4 ಗ್ರಾಂ, 16 ಕ್ಯಾಲರಿ. ಆರು ಚಮಚಕ್ಕೆ 96 ಕ್ಯಾಲರಿ. ಇದರಿಂದ ಎಷ್ಟು ತೂಕ ಇಳಿಯುತ್ತದೆ?

ಹಳೆಯ ಲೆಕ್ಕವೊಂದಿದೆ. ಮ್ಯಾಕ್ಸ್ ವಿಶ್ನೋಫ್‌ಸ್ಕಿ ಎಂಬ ನ್ಯೂಯಾರ್ಕಿನ ವೈದ್ಯರು 1958ರಲ್ಲಿ ಬರೆದದ್ದು: ಒಂದು ಪೌಂಡ್ ತೂಕಕ್ಕೆ 3,500 ಕ್ಯಾಲರಿ, ನಮ್ಮ ಮಾಪನದಲ್ಲಿ ಕಿಲೋಗೆ ಸುಮಾರು 7,700. ಅದರ ಪ್ರಕಾರ ದಿನಕ್ಕೆ 96 ಕ್ಯಾಲರಿ ಉಳಿಸಿದರೆ ವರ್ಷಕ್ಕೆ ನಾಲ್ಕೂವರೆ ಕಿಲೋ, ಮೂರು ವರ್ಷಕ್ಕೆ ಹದಿಮೂರೂವರೆ ಕಿಲೋ. ಇದೇ ಲೆಕ್ಕ ಮುಂದುವರಿದರೆ ಇಪ್ಪತ್ತು ವರ್ಷಕ್ಕೆ ಮನುಷ್ಯನೇ ಉಳಿಯುವುದಿಲ್ಲ. ತಪ್ಪು ಎಲ್ಲಿದೆಯೆಂದರೆ, ತೂಕ ಇಳಿದಂತೆ ದೇಹದ ದಿನದ ಖರ್ಚೂ ಇಳಿಯುತ್ತದೆ. ಹಗುರಾದ ದೇಹವನ್ನು ಹೊತ್ತು ನಡೆಯಲು ಕಡಿಮೆ ಶಕ್ತಿ ಸಾಕು. ಹೀಗೆ ಒಂದು ಹಂತದಲ್ಲಿ ಜಮೆ ಮತ್ತು ಖರ್ಚು ಸಮವಾಗಿ ತೂಕ ನಿಲ್ಲುತ್ತದೆ.

ಅಮೆರಿಕದ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ, ಭೌತಶಾಸ್ತ್ರ ಓದಿ ಪೋಷಣೆಯ ಕ್ಷೇತ್ರಕ್ಕೆ ಬಂದ ಕೆವಿನ್ ಹಾಲ್ ತಮ್ಮ ಸಂಗಡಿಗರೊಂದಿಗೆ 2011ರಲ್ಲಿ ಇದಕ್ಕೆ ಸರಿಯಾದ ಸೂತ್ರ ಕೊಟ್ಟರು. ದಿನದ ಆಹಾರದಲ್ಲಿ ಸುಮಾರು 24 ಕ್ಯಾಲರಿ ಕಾಯಮ್ಮಾಗಿ ಕಡಿಮೆಯಾದರೆ ಕೊನೆಗೆ ಸುಮಾರು 1 ಕಿಲೋ ತೂಕ ಇಳಿದು ನಿಲ್ಲುತ್ತದೆ. ಅದರ ಅರ್ಧ ಇಳಿಯಲು ಒಂದು ವರ್ಷ ಬೇಕು, ಶೇ 95ರಷ್ಟು ಇಳಿಯಲು ಮೂರು ವರ್ಷ. ಆರು ಚಮಚ ಸಕ್ಕರೆಯ 96 ಕ್ಯಾಲರಿಯನ್ನು 24ರಿಂದ ಭಾಗಿಸಿ: ನಾಲ್ಕು ಕಿಲೋ. ಮೊದಲ ವರ್ಷ ಎರಡು, ಉಳಿದದ್ದು ಆಮೇಲೆ. ಉಳಿಸಿದ ಸಕ್ಕರೆಯನ್ನು ಇನ್ನೊಂದು ಮುಟಿಗೆ ಶೇವಿನಲ್ಲಿ ತುಂಬಿಕೊಳ್ಳದಿದ್ದರೆ ಮಾತ್ರ.

ನಾಲ್ಕು ಕಿಲೋ ಎಂದಾಗ ಅವನ ದನಿ ಇಳಿಯಿತು. “ಮೂರು ವರ್ಷಕ್ಕ ನಾಕ ಕಿಲೋ ಅಂದ್ರ ಏನಾತು ದೋಸ್ತ?” ಪ್ರಶ್ನೆ ನ್ಯಾಯವಾದದ್ದು. ಸಣ್ಣ ಗುರಿಗಳ ಬಗ್ಗೆ ಬರೆಯುವವರು ಬಹಳ ಸಲ ಇಲ್ಲಿಗೆ ಬಂದು ನುಣುಚಿಕೊಳ್ಳುತ್ತಾರೆ. 2013ರಲ್ಲಿ ಕ್ರಿಸ್ಟಾ ಕಸಾಜಾ ಮತ್ತು ಸಂಗಡಿಗರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬೊಜ್ಜಿನ ಕುರಿತ ಹುಸಿ ನಂಬಿಕೆಗಳ ಪಟ್ಟಿ ಮಾಡಿದರು. ದಿನದ ಸಣ್ಣ ಬದಲಾವಣೆ ಕೂಡುತ್ತಾ ಕೂಡುತ್ತಾ ಭಾರೀ ತೂಕ ಇಳಿಸುತ್ತದೆ ಎಂಬುದು ಆ ಪಟ್ಟಿಯ ಮೊದಲನೆಯದು. ತೂಕದ ಗುರಿ ಮಿತವಾಗಿರದಿದ್ದರೆ ಜನ ನಿರಾಶರಾಗಿ ಕಡಿಮೆ ಇಳಿಸುತ್ತಾರೆ ಎಂಬುದು ಎರಡನೆಯದು. ದೊಡ್ಡ ಗುರಿ ಇಟ್ಟವರೂ ಅಷ್ಟೇ, ಕೆಲವೊಮ್ಮೆ ಹೆಚ್ಚೇ, ಇಳಿಸಿದ್ದು ಪ್ರಯೋಗಗಳಲ್ಲಿ ಕಂಡಿತ್ತು. ವೇಗವಾಗಿ ಇಳಿದದ್ದು ವೇಗವಾಗಿ ವಾಪಸು ಬರುತ್ತದೆ ಎಂಬ ಮಾತೂ ಅದರಲ್ಲಿತ್ತು. ಮೆಲ್ಬರ್ನ್‌ನಲ್ಲಿ 200 ಜನರ ಮೇಲೆ ನಡೆದ ಪ್ರಯೋಗ 2014ರಲ್ಲಿ ಇದನ್ನು ಮತ್ತೆ ತೋರಿಸಿತು. 12 ವಾರದಲ್ಲಿ ಇಳಿಸಿದವರೂ, 36 ವಾರದಲ್ಲಿ ನಿಧಾನ ಇಳಿಸಿದವರೂ ಮೂರು ವರ್ಷದಲ್ಲಿ ಇಳಿದದ್ದರ ಸುಮಾರು ಶೇ 71ನ್ನು ಮತ್ತೆ ಗಳಿಸಿದ್ದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಸಣ್ಣ ಗುರಿಯ ಪರವಾಗಿಯೇ ನಿಲ್ಲುತ್ತೇನೆ. ಕಾರಣ, ಮೇಲಿನ ಪ್ರಯೋಗಗಳಲ್ಲಿ ಗುರಿ ಎಂದರೆ ಕಿಲೋ. ಕಿಲೋ ನಮ್ಮ ಕೈಯಲ್ಲಿಲ್ಲ. ಅದು ನೀರು, ಉಪ್ಪು, ನಿದ್ದೆ, ಹಾರ್ಮೋನು, ಮೂರು ವರ್ಷದ ಲೆಕ್ಕ ಎಲ್ಲ ಸೇರಿ ತಡವಾಗಿ ಬರುವ ಫಲ. ಕೈಯಲ್ಲಿರುವುದು ಈ ಕಪ್ಪಿನ ಚಮಚ, ಈ ರಾತ್ರಿಯ ನಡಿಗೆ. ಗುರಿಯನ್ನು ಸಣ್ಣದು ಮಾಡಬೇಕಾದದ್ದು ಅಲ್ಲಿ. ಹದಿನೈದು ಕಿಲೋ ಬದಲು ಎರಡು ಕಿಲೋ ಎಂದರೆ ಗೆಳೆಯನಿಗೆ ಸಹಾಯವಾಗುವುದಿಲ್ಲ, ಏಕೆಂದರೆ ಎರಡು ಕಿಲೋ ಇಳಿಸುವುದು ಹೇಗೆಂದು ಇವತ್ತು ಸಂಜೆ ಅವನಿಗೆ ತಿಳಿದಿರುವುದಿಲ್ಲ.

ಆಲ್ಬರ್ಟ್ ಬಂಡೂರಾ ಮತ್ತು ಡೇಲ್ ಶಂಕ್ 1981ರಲ್ಲಿ ಪ್ರಕಟಿಸಿದ ಪ್ರಯೋಗ ತೂಕಕ್ಕೆ ಸಂಬಂಧಿಸಿದ್ದಲ್ಲ, ಕಳೆಯುವ ಲೆಕ್ಕಕ್ಕೆ ಸಂಬಂಧಿಸಿದ್ದು. ಗಣಿತದಲ್ಲಿ ಹಿಂದುಳಿದು, ಅದರ ಮೇಲೆ ಆಸಕ್ತಿಯನ್ನೇ ಕಳೆದುಕೊಂಡ ಚಿಕ್ಕ ಮಕ್ಕಳಿಗೆ 42 ಪುಟಗಳ ಲೆಕ್ಕ ಕೊಟ್ಟರು. ಕೆಲವರಿಗೆ ‘ಏಳು ಕೂಟಗಳು ಮುಗಿಯುವುದರೊಳಗೆ 42 ಪುಟ’ ಎಂದರು. ಕೆಲವರಿಗೆ ‘ಒಂದು ಕೂಟಕ್ಕೆ ಆರು ಪುಟ’ ಎಂದರು. ಕೆಲಸ ಒಂದೇ. ಆರು ಪುಟದ ಮಕ್ಕಳು ಬೇಗ ಕಲಿತರು, ಸರಿಯಾಗಿ ಮಾಡಿದರು. ಅದಕ್ಕಿಂತ ಮುಖ್ಯವಾಗಿ, ತಮ್ಮಿಂದ ಆಗುತ್ತದೆ ಎಂಬ ನಂಬಿಕೆ ಅವರಲ್ಲಿ ಬೆಳೆಯಿತು, ಯಾರೂ ಹೇಳದೆಯೇ ಲೆಕ್ಕ ಬಿಡಿಸಲು ಕೂತರು. ದೂರದ ಗುರಿಯ ಮಕ್ಕಳು ಗುರಿಯೇ ಇಲ್ಲದವರಿಗಿಂತ ಹೆಚ್ಚೇನೂ ಮುಂದೆ ಹೋಗಲಿಲ್ಲ. ನನ್ನ ಗೆಳೆಯನಿಗೆ ಕೊರತೆಯಿದ್ದದ್ದು ಇದೇ ನಂಬಿಕೆ. ಕೈಬಿಟ್ಟ ಪಣಗಳು ಅದನ್ನು ಒಂದೊಂದಾಗಿ ಕಿತ್ತುಕೊಂಡಿದ್ದವು.

ಇನ್ನೊಂದು ಸಮಾಧಾನದ ಸಂಗತಿ ಚೆನ್ನೈಯಿಂದ ಬಂದದ್ದು. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಎರಡೂವರೆ ವರ್ಷ ಹಿಂಬಾಲಿಸಿ 2006ರಲ್ಲಿ ವರದಿ ಕೊಟ್ಟರು. ಸುಮ್ಮನೆ ಬಿಟ್ಟವರಲ್ಲಿ ಮೂರು ವರ್ಷಕ್ಕೆ ಶೇ 55ರಷ್ಟು ಜನರಿಗೆ ಕಾಯಿಲೆ ಬರುವ ಲೆಕ್ಕ ಸಿಕ್ಕಿತು. ಊಟದಲ್ಲಿ ಸಕ್ಕರೆ, ಎಣ್ಣೆ ಕಡಿಮೆ ಮಾಡಿ ದಿನಕ್ಕೆ ಅರ್ಧ ಗಂಟೆ ನಡೆದವರಲ್ಲಿ ಅದು ಶೇ 39.3. ಆಶ್ಚರ್ಯವೆಂದರೆ ಈ ಗುಂಪಿನ ಸರಾಸರಿ ತೂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ತಕ್ಕಡಿ ಕದಲದಿದ್ದರೂ ಒಳಗೆ ಸ್ನಾಯು, ಪಿತ್ತಜನಕಾಂಗಗಳು ಇನ್ಸುಲಿನ್ನಿನ ಮಾತು ಕೇಳತೊಡಗಿರಬೇಕು. ಅಮೆರಿಕದಲ್ಲಿ 3,234 ಜನರ ಮೇಲೆ ನಡೆದು 2002ರಲ್ಲಿ ವರದಿಯಾದ ಇಂಥದೇ ಪ್ರಯೋಗದಲ್ಲಿ ತೂಕವೂ ಇಳಿದಿತ್ತು. ಅಲ್ಲಿ ಕೊಟ್ಟ ಗುರಿ ದೇಹತೂಕದ ಶೇ 7 ಮತ್ತು ವಾರಕ್ಕೆ 150 ನಿಮಿಷ ನಡಿಗೆ. ಕಾಯಿಲೆ ಬರುವ ಸಂಭವ ಶೇ 58ರಷ್ಟು ತಗ್ಗಿತು. 86 ಕಿಲೋಗೆ ಶೇ 7 ಎಂದರೆ ಆರು ಕಿಲೋ. ನಾಲ್ಕು ಕಿಲೋ ಕೊಡುವ ಚಮಚವನ್ನು ಹಗುರಾಗಿ ಕಾಣಬಾರದೆಂದು ನಾನು ಅವನಿಗೆ ಒತ್ತಿ ಹೇಳಿದ್ದು ಇದರ ಬಲದಿಂದ.

ಅವನ ಮೊಣಕಾಲಿಗೂ ಈ ಲೆಕ್ಕ ಅನ್ವಯಿಸುತ್ತದೆ. ರೇಣುಕೆಯ ಗುಡಿಯ ಮೆಟ್ಟಿಲು ಹತ್ತುವಾಗ ನೋವು ಎನ್ನುತ್ತಿದ್ದ. ಮೊಣಕಾಲು ಸವೆದ, ತೂಕ ಹೆಚ್ಚಿದ ವಯಸ್ಸಾದವರನ್ನು ಸ್ಟೀಫನ್ ಮೆಸಿಯರ್ ತಂಡ ಪ್ರಯೋಗಾಲಯದಲ್ಲಿ ನಡೆಸಿ ಅಳೆದಾಗ, ಇಳಿದ ಒಂದೊಂದು ಕಿಲೋಗೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಹೊರೆ ನಾಲ್ಕು ಕಿಲೋ ತಗ್ಗಿತ್ತು.

ಎರಡನೆಯ ಗುರಿ ನಡಿಗೆ. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ನಡೆಯುತ್ತೇನೆ ಎಂದು ಅವನು, ಬೇಡ ಎಂದು ನಾನು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಸಕ್ಕರೆ ಕಾಯಿಲೆ ಇದ್ದ 41 ಜನರಲ್ಲಿ ಎರಡು ಬಗೆಯ ನಡಿಗೆಯನ್ನು ಹೋಲಿಸಿದರು. ದಿನದ ಯಾವುದೋ ಹೊತ್ತಿನಲ್ಲಿ ಒಟ್ಟಿಗೆ 30 ನಿಮಿಷ ಒಂದು, ಪ್ರತಿ ಊಟದ ನಂತರ 10 ನಿಮಿಷ ಇನ್ನೊಂದು. ಊಟದ ನಂತರದ ನಡಿಗೆಯಲ್ಲಿ ರಕ್ತದ ಸಕ್ಕರೆಯ ಏರಿಕೆ ಶೇ 12ರಷ್ಟು ಕಡಿಮೆ, ರಾತ್ರಿಯೂಟದ ನಂತರವಂತೂ ಶೇ 22. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಇಳಿಯುವ ಹೊತ್ತಿಗೇ ಕಾಲಿನ ಸ್ನಾಯುಗಳು ಅದನ್ನು ಎಳೆದುಕೊಳ್ಳುತ್ತವೆ, ಅದಕ್ಕೆ ಇನ್ಸುಲಿನ್ನಿನ ನೆರವೂ ಅಷ್ಟಾಗಿ ಬೇಕಿಲ್ಲ. ಹತ್ತು ನಿಮಿಷ ಸಾಕು ಎಂದಾಗ ಅವನಿಗೆ ಮೊದಲು ನಂಬಿಕೆ ಬರಲಿಲ್ಲ.

ಯಾವಾಗ, ಎಲ್ಲಿ ಎಂಬುದನ್ನು ಮೊದಲೇ ಗೊತ್ತುಮಾಡುವುದು ಬಹಳ ಮುಖ್ಯ. ‘ಹೆಚ್ಚು ನಡೆಯುತ್ತೇನೆ’ ಎಂಬ ನಿರ್ಧಾರಕ್ಕಿಂತ ‘ರಾತ್ರಿ ಉಂಡು ಕೈ ತೊಳೆದ ಕೂಡಲೇ ಚಪ್ಪಲಿ ಮೆಟ್ಟುತ್ತೇನೆ’ ಎಂಬ ನಿರ್ಧಾರ ಹೆಚ್ಚು ನಿಲ್ಲುತ್ತದೆ. ಪೀಟರ್ ಗಾಲ್ವಿಟ್ಜರ್ ಮತ್ತು ಪಾಸ್ಕಲ್ ಶೀರನ್ 94 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ತೋರಿಸಿದ್ದು ಇದನ್ನೇ. ಕೈ ತೊಳೆಯುವುದು ಹೇಗೂ ದಿನಾ ನಡೆಯುವ ಕೆಲಸ, ಹೊಸ ಕೆಲಸವನ್ನು ಅದಕ್ಕೆ ಗಂಟು ಹಾಕಿದರೆ ನೆನಪಿಡುವ ಶ್ರಮ ಉಳಿಯುತ್ತದೆ. ಹಾಗೆ ಗಂಟು ಹಾಕಿದ್ದು ರೂಢಿಯಾಗಲು ಎಷ್ಟು ದಿನ ಬೇಕು? 21 ದಿನ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಅದಕ್ಕೆ ಆಧಾರವಿಲ್ಲ. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ 96 ಜನರನ್ನು ಹಿಂಬಾಲಿಸಿ 2010ರಲ್ಲಿ ಬರೆದ ಪ್ರಕಾರ ನಡುಮಟ್ಟದ ಅವಧಿ 66 ದಿನ. ಕೆಲವರಿಗೆ 18, ಕೆಲವರಿಗೆ 254 ದಿನ ಬೇಕಾಗಬಹುದು. ಆ ಅಧ್ಯಯನದ ಇನ್ನೊಂದು ಮಾತು ನನಗೆ ಇನ್ನೂ ಪ್ರಿಯ: ನಡುವೆ ಒಂದು ದಿನ ತಪ್ಪಿದರೆ ರೂಢಿ ಕಟ್ಟುವ ಕೆಲಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ನವರಾತ್ರಿಯಲ್ಲಿ ಚಾಂದವಡ್‌ಗೆ ನೆಂಟರು ತುಂಬಿದಾಗ, ಉಪವಾಸದ ಹೆಸರಿನಲ್ಲಿ ಶೇಂಗಾ, ತುಪ್ಪ ಸುರಿದ ಸಾಬೂದಾಣಿ ಖಿಚಡಿ ಎರಡು ಹೊತ್ತೂ ಇಳಿದಾಗ, ಅವನು ಫೋನಿನಲ್ಲಿ “ಎಲ್ಲಾ ಕೆಟ್ಟೋತು” ಎಂದ. “ಏನೂ ಕೆಟ್ಟಿಲ್ಲಪಾ, ನಾಳೆ ಕೈ ತೊಳದ ಮ್ಯಾಲೆ ಚಪ್ಪಲಿ ಹಾಕು” ಎಂದೆ.

ಇಲ್ಲಿಗೆ ಗೆಳೆತನದ ವಿಜ್ಞಾನಕ್ಕೆ ಬಂದೆವು. ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಹೃದಯ ಅಧ್ಯಯನದಿಂದ 12,067 ಜನರ 32 ವರ್ಷಗಳ ದಾಖಲೆ ತೆಗೆದು, 2007ರಲ್ಲಿ ಒಂದು ಸುದ್ದಿಗೆ ಕಾರಣರಾದರು. ಒಬ್ಬನಿಗೆ ಬೊಜ್ಜು ಬಂದರೆ ಅವನ ಗೆಳೆಯನಿಗೂ ಬರುವ ಸಂಭವ ಶೇ 57ರಷ್ಟು ಹೆಚ್ಚು. ಒಡಹುಟ್ಟಿದವರ, ಗಂಡಹೆಂಡಿರ ನಡುವೆ ಇದು ಇನ್ನೂ ಕಡಿಮೆ. ಒಂದೇ ಬಗೆಯವರು ಗೆಳೆಯರಾಗುವುದರಿಂದಲೂ, ಒಂದೇ ಪರಿಸರದಲ್ಲಿ ಬದುಕುವುದರಿಂದಲೂ ಇಂಥ ಅಂಕಿ ಬರಬಹುದು ಎಂಬ ಟೀಕೆ ಬಂತು, ಅದು ಸರಿಯಾದ ಟೀಕೆಯೇ. ಹಾಗಾಗಿ ನಾನು ಹೆಚ್ಚು ನೆಚ್ಚುವುದು ಪ್ರಯೋಗದ ಮೇಲೆ. ರೀನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ 1999ರಲ್ಲಿ ತೂಕ ಇಳಿಸುವ ಕಾರ್ಯಕ್ರಮಕ್ಕೆ ಕೆಲವರನ್ನು ಒಂಟಿಯಾಗಿ, ಕೆಲವರನ್ನು ಮೂವರು ಗೆಳೆಯರು ಅಥವಾ ಮನೆಯವರ ಜೊತೆ ಸೇರಿಸಿಕೊಂಡರು. ಒಂಟಿಯಾಗಿ ಬಂದು ಸಾಮಾನ್ಯ ತರಬೇತಿ ಪಡೆದವರಲ್ಲಿ ಶೇ 76 ಜನ ಪೂರ್ತಿ ಮಾಡಿದರು, ಇಳಿದ ತೂಕವನ್ನು ಆರು ತಿಂಗಳು ಪೂರಾ ಉಳಿಸಿಕೊಂಡವರು ಶೇ 24. ಗೆಳೆಯರೊಡನೆ ಬಂದು ಒಬ್ಬರಿಗೊಬ್ಬರು ಆಸರೆಯಾಗುವುದನ್ನೂ ಕಲಿತವರಲ್ಲಿ ಶೇ 95 ಜನ ಮುಗಿಸಿದರು, ಉಳಿಸಿಕೊಂಡವರು ಶೇ 66.

ಈ ಅಂಕಿ ಓದಿದ ಮೇಲೆ ನಾನು ಉಪದೇಶ ನಿಲ್ಲಿಸಿ ಚಪ್ಪಲಿ ಹಾಕಿಕೊಂಡೆ. ಅವನು ಚಾಂದವಡ್‌ನಲ್ಲಿ, ನಾನು ಧಾರವಾಡದಲ್ಲಿ, ಇಬ್ಬರೂ ಉಂಡ ಮೇಲೆ ಕಿವಿಗೆ ಫೋನಿಟ್ಟು ಹತ್ತು ನಿಮಿಷ ನಡೆಯುತ್ತೇವೆ. ಲಾಸಲಗಾಂವ ಮಾರುಕಟ್ಟೆಯ ಉಳ್ಳಾಗಡ್ಡಿ ದರ, ಮಕ್ಕಳ ಓದು, ಊರ ಸುದ್ದಿ. ತೂಕದ ಮಾತು ಎತ್ತುವುದೇ ಅಪರೂಪ.

ಎತ್ತದಿರುವುದಕ್ಕೂ ಕಾರಣವಿದೆ. ನಮ್ಮ ಕಡೆ ಸಲಿಗೆಯಿಂದ ‘ಏನಲೇ ಧಡಿಯಾ’ ಎನ್ನುವುದು, ತಟ್ಟೆ ನೋಡಿ ‘ಇನ್ನೊಂದು ರೊಟ್ಟಿ ಬೇಕಾ ನಿನಗ?’ ಎಂದು ನಗುವುದು ಪ್ರೀತಿಯ ಲೆಕ್ಕಕ್ಕೇ ಸೇರುತ್ತದೆ. ಕೇಳಿಸಿಕೊಳ್ಳುವವನ ಮೇಲೆ ಅದರ ಪರಿಣಾಮ ಬೇರೆ. ಆಂಜೆಲಿನಾ ಸೂಟಿನ್ ಮತ್ತು ಆಂಟೋನಿಯೋ ಟೆರಾಚಿಯಾನೊ ಅಮೆರಿಕದ ಸಾವಿರಾರು ವಯಸ್ಕರನ್ನು ನಾಲ್ಕು ವರ್ಷಗಳ ಅಂತರದಲ್ಲಿ ನೋಡಿ 2013ರಲ್ಲಿ ಬರೆದರು: ತೂಕದ ಕಾರಣಕ್ಕೆ ಅವಮಾನ, ತಾರತಮ್ಯ ಉಂಡವರಲ್ಲಿ ಮುಂದೆ ಬೊಜ್ಜು ಬರುವ ಸಂಭವ ಸುಮಾರು ಎರಡೂವರೆ ಪಟ್ಟು. ಬೈದು ಇಳಿಸಬಹುದೆಂಬ ನಂಬಿಕೆಯನ್ನು ಬಿಡಲು ಇಷ್ಟು ಸಾಕಲ್ಲವೇ? ‘ಎಷ್ಟು ಇಳಿತು?’ ಎಂದು ಕೇಳುವ ಜಾಗದಲ್ಲಿ ‘ಇವತ್ತು ನಡದಿಯೇನು?’ ಎಂದು ಕೇಳಬಹುದು. ಮೊದಲ ಪ್ರಶ್ನೆಗೆ ಉತ್ತರ ಅವನ ಕೈಯಲ್ಲಿಲ್ಲ, ಎರಡನೆಯದಕ್ಕೆ ಇದೆ. ಮನೆಗೆ ಕರೆದಾಗ ಬಲವಂತವಾಗಿ ಬಡಿಸದಿರುವುದೂ ಗೆಳೆತನವೇ.

ಎಚ್ಚರದ ಮಾತೊಂದನ್ನು ಇಲ್ಲಿಯೇ ಹೇಳಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ಕೈನಡುಕ, ಗೊಂದಲ ಕಂಡರೆ ತಡಮಾಡದೆ ಸಕ್ಕರೆ ತಿನ್ನಬೇಕು. ಔಷಧಿಯ ಪ್ರಮಾಣವನ್ನು ವೈದ್ಯರೇ ಬದಲಿಸಬೇಕು. ಯಾವ ಪ್ರಯತ್ನವೂ ಇಲ್ಲದೆ ತೂಕ ತಾನಾಗಿ ಇಳಿಯುತ್ತಿದ್ದರೆ ಅದನ್ನು ಸಂತೋಷದ ಸುದ್ದಿಯಾಗಿ ತೆಗೆದುಕೊಳ್ಳದೆ ವೈದ್ಯರ ಬಳಿ ಹೋಗಬೇಕು. ಗರ್ಭಿಣಿಯರಿಗೆ, ಬೆಳೆಯುವ ಮಕ್ಕಳಿಗೆ ಈ ಅಧ್ಯಾಯದ ಲೆಕ್ಕಗಳು ಹೊಂದುವುದಿಲ್ಲ.

ಚಮಚ ಮತ್ತು ಚಪ್ಪಲಿ ರೂಢಿಯಾಗಿ ಕೆಲವು ತಿಂಗಳಾದ ಮೇಲೆ ಇಳಿಕೆಯ ವೇಗ ತಗ್ಗುತ್ತದೆ, ಕಾಲಕ್ರಮದಲ್ಲಿ ನಿಂತೇಬಿಡುತ್ತದೆ. ಹಾಲ್ ಅವರ ಸೂತ್ರ ಓದಿದವರಿಗೆ ಇದು ಆಶ್ಚರ್ಯವಲ್ಲ. ಜಮೆ ಖರ್ಚು ಸಮವಾದ ಜಾಗ ಅದು. ಅದರ ಜೊತೆಗೆ ಹಸಿವೂ ಎದ್ದು ಕೂರುತ್ತದೆ. ಪ್ರಿಯಾ ಸುಮಿತ್ರನ್ ಮತ್ತು ಜೋಸೆಫ್ ಪ್ರೊಯೆಟ್ಟೊ ಮೆಲ್ಬರ್ನ್‌ನಲ್ಲಿ 50 ಜನರಿಗೆ ಹತ್ತು ವಾರ ಬಹಳ ಮಿತ ಆಹಾರ ಕೊಟ್ಟು ಸರಾಸರಿ 13.5 ಕಿಲೋ ಇಳಿಸಿದ್ದರು. ಒಂದು ವರ್ಷ ಕಳೆದ ಮೇಲೂ ಅವರಲ್ಲಿ ಹಸಿವು ಹುಟ್ಟಿಸುವ ಗ್ರೆಲಿನ್ ಹೆಚ್ಚಿತ್ತು, ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್ ಕಡಿಮೆಯಿತ್ತು. 2011ರಲ್ಲಿ ಬಂದ ಈ ವರದಿಯನ್ನು ತೂಕ ಮರಳಿ ಗಳಿಸಿದ ಪ್ರತಿಯೊಬ್ಬರಿಗೂ ಓದಿ ಹೇಳಬೇಕೆನ್ನಿಸುತ್ತದೆ. ಛಲವಿಲ್ಲದವರು ಎಂದು ಅವರನ್ನು ಯಾರೂ ಕರೆಯಬಾರದು, ಅವರು ತಮ್ಮ ರಕ್ತದಲ್ಲೇ ಹರಿಯುವ ಹಸಿವಿನೊಡನೆ ದಿನವಿಡೀ ಸೆಣಸುತ್ತಿರುತ್ತಾರೆ. ಗೆಳೆಯನ ಫೋನು ಅತಿ ಹೆಚ್ಚು ಬೇಕಾಗುವುದು ತೂಕ ಇಳಿಯುವಾಗಲ್ಲ, ಇಳಿದು ನಿಂತ ಮೇಲೆ. ಆಗ ಹೊಗಳುವವರು ಚದುರಿರುತ್ತಾರೆ.

ದೀಪಾವಳಿ ಬಂತು, ಹೋಯಿತು. ಹದಿನೈದು ಕಿಲೋ ಇಳಿಯಲಿಲ್ಲ. ಸೊಂಟದ ಟೇಪು 104ರಿಂದ 101ಕ್ಕೆ ಬಂದಿದೆ, ಆರೂ ಕಪ್ಪು ಚಹಾ ಒಂದೇ ಚಮಚದಲ್ಲಿ ನಡೆದಿವೆ. ಮುಂದಿನ ಗುರಿ ಅವನೇ ಆರಿಸಿದ್ದು. ಒಂದು ಮುಟಿಗೆ ಶೇವು ಎಂದರೆ 30 ಗ್ರಾಂ, ಸುಮಾರು 160 ಕ್ಯಾಲರಿ. ಅದನ್ನು ಪೂರಾ ಬಿಡುವುದಿಲ್ಲವಂತೆ. ಡಬ್ಬಿಯನ್ನು ಗಾದಿಯ ಪಕ್ಕದಿಂದ ಎತ್ತಿ ಒಳಗಿನ ಕೋಣೆಯ ಕಪಾಟಿನಲ್ಲಿ ಇಡುತ್ತಾನಂತೆ, ಬೇಕೆನಿಸಿದಾಗ ಎದ್ದುಹೋಗಿ ತರುವುದು.